ಅತ್ತಿಗೆ ಪೈಥಾನ್ ಕಲೀಬೇಕಾ, ಜಾವಾ ಕಲೀಬೇಕಾ?

ಓದುಗರ ಪ್ರಶ್ನೆ: ಮೇಡಂ, ನಮ್ಮೂರು ತಿಪಟೂರು. ಬಿ.ಕಾಂ. ಮುಗಿಸಿ ತುಮಕೂರಿನ ಒಬ್ಬ ಆಡಿಟರ್ ಆಫೀಸಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್ ಎಲ್ಲ ಚೆನ್ನಾಗಿ ಗೊತ್ತು. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಈಗ ಅವಳಿಗೆ ಎರಡೂವರೆ ವರ್ಷ. ಮಧ್ಯಾಹ್ನ ಅತ್ತೆ ನೋಡಿಕೊಳ್ಳುತ್ತಾರೆ, ಹಾಗಾಗಿ ದಿನಕ್ಕೆ ಮೂರು ಗಂಟೆ ಸಿಗುತ್ತದೆ. ಪ್ರೋಗ್ರಾಮಿಂಗ್ ಕಲಿತು ಮನೆಯಿಂದಲೇ ಫ್ರೀಲಾನ್ಸ್ ಮಾಡಬೇಕು ಅಂದುಕೊಂಡಿದ್ದೇನೆ. ಬೆಂಗಳೂರಿನ ಕಂಪನಿಯಲ್ಲಿರುವ ಮೈದುನ 'ಅತ್ತಿಗೆ, ಪೈಥಾನ್ ಕಲೀರಿ, ಈಗೆಲ್ಲ ಎಐ' ಅಂತಾನೆ. ತುಮಕೂರಿನ ಒಂದು ಇನ್‌ಸ್ಟಿಟ್ಯೂಟ್‌ನವರು ಫುಲ್ ಸ್ಟ್ಯಾಕ್ ಜಾವಾಗೆ 65 ಸಾವಿರ, ಕಂತಿನಲ್ಲಿ ಕಟ್ಟಿ, ಪ್ಲೇಸ್‌ಮೆಂಟ್ ಗ್ಯಾರಂಟಿ ಅಂತಾರೆ. ಯೂಟ್ಯೂಬ್ ನೋಡಿದರೆ ಇನ್ನು ಕೋಡಿಂಗೇ ಬೇಡ ಅಂತಾರೆ. ನನ್ನ ಹತ್ತಿರ ಇರುವುದು 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ಗಣಿತ ಅಷ್ಟಕ್ಕಷ್ಟೆ. ಯಾವ ಭಾಷೆ ಕಲಿಯಲಿ? ಎಷ್ಟು ದಿನಕ್ಕೆ ಕೈಗೆ ದುಡ್ಡು ಬರುತ್ತದೆ?

ಉತ್ತರ: ಯಾವ ಭಾಷೆ ಅಂತ ಕೇಳಿದ್ದೀರಿ. ಪತ್ರ ಪೂರ್ತಿ ಓದಿದರೆ ಕಾಣುವ ಆತಂಕ ಬೇರೆ. ಸಿಗುವ ಮೂರು ಗಂಟೆಯನ್ನೂ 65 ಸಾವಿರವನ್ನೂ ಸುರಿದು, ವರ್ಷ ಕಳೆದ ಮೇಲೆ 'ಅಯ್ಯೋ, ಬೇರೇದು ಕಲೀಬೇಕಿತ್ತು' ಅನ್ನುವ ಹಾಗಾದರೆ? ಒಬ್ಬೊಬ್ಬರು ಒಂದೊಂದು ಹೇಳುವಾಗ ಈ ಭಯ ಸಹಜ. ಸುತ್ತಿ ಬಳಸದೆ ಮೊದಲು ಉತ್ತರ ಹೇಳಿಬಿಡುತ್ತೇನೆ: ನಿಮಗೆ ಜಾವಾಸ್ಕ್ರಿಪ್ಟ್, ಕ್ರೋಮ್‌ನಂಥ ಬ್ರೌಸರಿನ ಒಳಗೇ ಓಡುವ ಭಾಷೆ. ಇನ್‌ಸ್ಟಿಟ್ಯೂಟ್‌ನವರು ಹೇಳುತ್ತಿರುವ ಜಾವಾ ಬೇರೆ, ಇದು ಬೇರೆ. 1995ರಲ್ಲಿ ನೆಟ್‌ಸ್ಕೇಪ್‌ನವರು ಆಗ ತಾನೇ ಸದ್ದು ಮಾಡುತ್ತಿದ್ದ ಜಾವಾದ ಹೆಸರನ್ನು ತಮ್ಮ ಭಾಷೆಗೂ ಅಂಟಿಸಿದರು, ಎರಡಕ್ಕೂ ಇರುವ ನಂಟು ಹೆಚ್ಚುಕಮ್ಮಿ ಅಷ್ಟೇ. ಇದೇ ಪ್ರಶ್ನೆಯನ್ನು ತುಮಕೂರಿನಲ್ಲಿ ಈಗಷ್ಟೇ ಬಿ.ಇ. ಮುಗಿಸಿದ ಹುಡುಗ ಕೇಳಿದ್ದರೆ ನಾನು ಬೇರೆ ಉತ್ತರ ಕೊಡುತ್ತಿದ್ದೆ. ಹಾಗಾಗಿ ಈ ಉತ್ತರ ಎಲ್ಲರಿಗೂ ಅಂತ ತಿಳಿಯಬೇಡಿ.

ಈ ವಿಷಯದಲ್ಲಿ ಇಷ್ಟು ಗೊಂದಲ ಯಾಕೆ ಅಂದರೆ, ಸಲಹೆ ಕೊಡುವವರಲ್ಲಿ ಬಹುಪಾಲು ಸಂಬಳದ ಕೆಲಸದವರು. ಕಂಪನಿಯಲ್ಲಿ ಭಾಷೆ ಮುಖ್ಯವೇ. ಅಲ್ಲಿ ವರ್ಷಗಟ್ಟಲೆ ಒಂದೇ ಭಾಷೆಯಲ್ಲಿ ಬರೆದಿಟ್ಟ ಕೋಡ್ ಇರುತ್ತದೆ, ಅದನ್ನು ಮುಂದುವರಿಸುವ ಕೈ ಬೇಕು, ಹಾಗಾಗಿ 'ಪೈಥಾನ್ ಬೇಕು, ಮೂರು ವರ್ಷ ಅನುಭವ ಬೇಕು' ಅಂತಲೇ ಜಾಹೀರಾತು ಕೊಡುತ್ತಾರೆ. ನಿಮ್ಮ ಮೈದುನ ಹೇಳುತ್ತಿರುವುದು ಆ ಲೋಕದ ಮಾತು, ಅಲ್ಲಿ ಅದು ನಿಜವೂ ಹೌದು. ಫ್ರೀಲಾನ್ಸ್‌ನಲ್ಲಿ ಹಾಗಲ್ಲ. ತುಮಕೂರು, ಗುಬ್ಬಿ, ತಿಪಟೂರು ಕಡೆಯ ಗಿರಾಕಿ 'ಇದನ್ನ ಯಾವ ಭಾಷೇಲಿ ಬರೀತೀರಾ' ಅಂತ ನನ್ನನ್ನು ಕೇಳಿದ ನೆನಪಿಲ್ಲ. ಎಷ್ಟಾಗುತ್ತೆ, ಯಾವಾಗ ಕೊಡ್ತೀರಾ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳುತ್ತಾರೆ. ಗಿರಾಕಿಯ ತಾಪತ್ರಯ ಅರ್ಥವಾಗಿದೆ ಅಂತ ಅವರಿಗೆ ಅನ್ನಿಸಿದರೆ ಕೆಲಸ ಸಿಗುತ್ತದೆ. ಅನ್ನಿಸದಿದ್ದರೆ ಹತ್ತು ಭಾಷೆ ಬಂದರೂ ಸಿಗುವುದಿಲ್ಲ.

ಈ ದೃಷ್ಟಿಯಲ್ಲಿ ನೋಡಿದರೆ, ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ನಾಲ್ಕು ವರ್ಷದ ಆಡಿಟರ್ ಆಫೀಸಿನ ಅನುಭವವೇ ನಿಮ್ಮ ಬಂಡವಾಳ. ಕೋಡ್ ಬರೆಯಬಲ್ಲವರು ಬೆಂಗಳೂರಿನಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ. 14ನೇ ತಾರೀಖಿನಿಂದ 20ರ ತನಕ ಆಡಿಟರ್ ಆಫೀಸಿನಲ್ಲಿ ಏನು ನಡೆಯುತ್ತದೆ ಅಂತ ಅವರಲ್ಲಿ ಎಷ್ಟು ಜನಕ್ಕೆ ಗೊತ್ತು?

ನಿಮಗೆ ಗೊತ್ತು, ಉಳಿದ ಓದುಗರಿಗಾಗಿ ಬಿಡಿಸಿ ಹೇಳುತ್ತೇನೆ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಬರುತ್ತದೆ. ಅಂಗಡಿಯವರಿಗೆ ಮಾಲು ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ ಅದು. ತಿಂಗಳ ರಿಟರ್ನ್ ಹಾಕುವವರು 20ರೊಳಗೆ ಜಿಎಸ್‌ಟಿಆರ್-3ಬಿ, ಅಂದರೆ ಆ ತಿಂಗಳ ತೆರಿಗೆ ಲೆಕ್ಕ, ಹಾಕಬೇಕು. 2022ರ ಜನವರಿಯಿಂದ, 2ಬಿಯಲ್ಲಿ ಕಾಣದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ, ತೆಗೆದುಕೊಳ್ಳುವ ಹಾಗಿಲ್ಲ. ಹಾಗಾಗಿ ಈ ಐದಾರು ದಿನದಲ್ಲಿ ಪ್ರತಿ ಅಂಗಡಿಯ ಪರ್ಚೇಸ್ ರಿಜಿಸ್ಟರನ್ನೂ 2ಬಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಿಲ್ಲಿಗೆ ಬಿಲ್ಲು ತಾಳೆ ನೋಡುತ್ತಾರೆ. ಇಲ್ಲಿ ಸಿಕ್ಕು ಶುರುವಾಗುತ್ತದೆ. ಮಾರಿದವರು ಬಿಲ್ ನಂಬರನ್ನು 'ಟಿಟಿಆರ್/25-26/0187' ಅಂತ ಹಾಕಿರುತ್ತಾರೆ. ಹಾರ್ಡ್‌ವೇರ್ ಅಂಗಡಿಯ ಹುಡುಗ ಟ್ಯಾಲಿಯಲ್ಲಿ ಬರೀ '187' ಅಂತ ಹೊಡೆದಿರುತ್ತಾನೆ. ಮುಂದಿನ ಬಿಲ್ಲಿಗೆ 'ಟಿಟಿಆರ್-188'. ಎಕ್ಸೆಲ್‌ನ ವಿಲುಕಪ್ (ಎರಡು ಪಟ್ಟಿಯಲ್ಲಿ ಹೊಂದುವ ಸಾಲು ಹುಡುಕುವ ಸೂತ್ರ) ಹಾಕಿದರೆ ಯಾವುದೂ ಹೊಂದುವುದಿಲ್ಲ ಅನ್ನುತ್ತದೆ. ಕೊನೆಗೆ ಕಣ್ಣಲ್ಲೇ ನೋಡಿ ಹಳದಿ ಬಣ್ಣ ಬಳಿಯುತ್ತಾ ಕೂರಬೇಕು.

ಕಣ್ಣಲ್ಲಿ ನೋಡುವಾಗ ನೀವು ಮಾಡುತ್ತಿದ್ದದ್ದು ಏನು? ಮೊದಲು ಹದಿನೈದು ಅಕ್ಷರದ ಜಿಎಸ್‌ಟಿ ನಂಬರ್ ಒಂದೇ ಇದೆಯಾ ಅಂತ ನೋಡಿದಿರಿ. ಆಮೇಲೆ ಬಿಲ್ ನಂಬರಿನ ಓರೆಗೆರೆ, ಅಡ್ಡಗೆರೆ, ವರ್ಷ, ಮುಂದಿನ ಸೊನ್ನೆ ಎಲ್ಲ ಬಿಟ್ಟು ಕೊನೆಯ ಅಂಕಿಯನ್ನಷ್ಟೇ ಹಿಡಿದಿರಿ. ಮೊತ್ತದಲ್ಲಿ ಒಂದು ರೂಪಾಯಿ ಆಚೀಚೆ ಇದ್ದರೆ ರೌಂಡಾಫ್ ಅಂದುಕೊಂಡು ಬಿಟ್ಟಿರಿ. ತಾರೀಖು ಹಿಂದಿನ ತಿಂಗಳದ್ದಾದರೆ ಪಕ್ಕಕ್ಕೆ ಇಟ್ಟಿರಿ. ಕ್ರೆಡಿಟ್ ನೋಟ್ (ಮಾಲು ವಾಪಸಾದಾಗ ಬಿಲ್ಲಿನ ಮೊತ್ತ ಇಳಿಸುವ ಚೀಟಿ) ಬಂದರೆ ಕೂಡಿಸದೆ ಕಳೆದಿರಿ. ಪ್ರೋಗ್ರಾಂ ಅಂದರೆ ಇದೇ, ಇದನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬರೆಯುವುದು ಮಾತ್ರ ಬಾಕಿ. 'ಗಣಿತ ಅಷ್ಟಕ್ಕಷ್ಟೆ' ಅನ್ನುವ ಅಳುಕಿಗೂ ಉತ್ತರ ಇಲ್ಲೇ ಇದೆ. ಈ ಬಗೆಯ ಕೆಲಸಕ್ಕೆ ಬೇಕಾದ ಗಣಿತ ನಿಮಗೆ ಆಗಲೇ ಬರುತ್ತದೆ.

'ಟ್ಯಾಲಿಪ್ರೈಮ್‌ನಲ್ಲೇ 2ಬಿ ತಾಳೆ ನೋಡುವ ಸೌಲಭ್ಯ ಇದೆಯಲ್ಲ' ಅಂತ ನೀವು ಕೇಳಬಹುದು. ಇದೆ, ಬೇರೆ ಸಾಫ್ಟ್‌ವೇರ್‌ಗಳೂ ಇವೆ. ಅವು ಮಾಡುವ ಕೆಲಸವನ್ನೇ ನೀವು ಮಾಡಲು ಹೋದರೆ ಸೋಲುತ್ತೀರಿ. ಅವು ಮಾಡಿ ಮುಗಿಸಿದ ಮೇಲೂ ಉಳಿಯುವ ಕೆಲಸ ಬೇರೆ ಇದೆ. ತಾಳೆಯಾಗದ ಇಪ್ಪತ್ತು ಬಿಲ್ಲುಗಳನ್ನು ಸಪ್ಲೈಯರ್ ಪ್ರಕಾರ ಬಿಡಿಸಿ, ಒಬ್ಬೊಬ್ಬರಿಗೂ ಕಳಿಸುವ ಮೆಸೇಜು ತಯಾರು ಮಾಡಬೇಕು. ಟ್ಯಾಲಿಯೇ ಇಲ್ಲದೆ ಎಕ್ಸೆಲ್‌ನಲ್ಲೋ ಉದ್ದನೆ ಪುಸ್ತಕದಲ್ಲೋ ಲೆಕ್ಕ ಇಡುವ ಗೊಬ್ಬರದಂಗಡಿಯವರನ್ನೂ ಸಂಭಾಳಿಸಬೇಕು. ಹೋದ ತಿಂಗಳು ಬಾರದ ಬಿಲ್ಲು ಈ ತಿಂಗಳು ಬಂತಾ ಅಂತಲೂ ನೋಡಬೇಕು. ದೊಡ್ಡ ಕಂಪನಿಗೆ ಇವು ಚಿಲ್ಲರೆ ಕೆಲಸ. ನಿಮಗೆ ಹೊಟ್ಟೆಪಾಡು ಆಗಬಲ್ಲವು.

ಇದಕ್ಕೆ ಪೈಥಾನ್ ಆಗುವುದಿಲ್ಲವೇ ಅಂದರೆ ಆಗುತ್ತದೆ. ಎಕ್ಸೆಲ್ ಹಾಳೆಗಳನ್ನು ತಾಳೆ ಹಾಕುವ ವಿಷಯಕ್ಕೆ ಬಂದರೆ ಪೈಥಾನ್ ಜಾವಾಸ್ಕ್ರಿಪ್ಟ್‌ಗಿಂತ ಒಂದು ಕೈ ಮೇಲೆಯೇ. ತೊಡಕು ಬರುವುದು ಬರೆದದ್ದನ್ನು ಗಿರಾಕಿಯ ಕೈಗೆ ಕೊಡುವಾಗ. ಆಡಿಟರ್ ಆಫೀಸಿನ ಕಂಪ್ಯೂಟರಿನಲ್ಲಿ ಪೈಥಾನ್ ಇರುವುದಿಲ್ಲ. ಹಾಕಿಕೊಡಬೇಕು, ಇಲ್ಲವೇ ಒತ್ತಿದರೆ ನೇರವಾಗಿ ಓಡುವ ಇಎಕ್ಸ್‌ಇ ಫೈಲ್ ಮಾಡಿ ಕೊಡಬೇಕು. ಅದನ್ನು ಆಂಟಿವೈರಸ್ ಹಿಡಿದು ಕೂರಿಸುತ್ತದೆ, ಅವರು ನಿಮಗೆ ಫೋನ್ ಮಾಡುತ್ತಾರೆ, ನೀವು ಮಗುವಿಗೆ ಊಟ ಮಾಡಿಸುತ್ತಾ ಫೋನಿನಲ್ಲಿ ಬಿಡಿಸಿ ಹೇಳಬೇಕು. ಸರ್ವರ್‌ನಲ್ಲಿ ಇಟ್ಟರೆ ತಿಂಗಳ ಬಾಡಿಗೆ, ಜೊತೆಗೆ ಅಂಗಡಿಯವರ ಲೆಕ್ಕವೆಲ್ಲ ಆಫೀಸಿನಿಂದ ಆಚೆ ಹೋಯಿತು ಅನ್ನುವ ತಕರಾರು. ಜಾವಾಸ್ಕ್ರಿಪ್ಟ್ ಆದರೆ ಕ್ರೋಮ್‌ನಲ್ಲಿ ತೆರೆಯುವ ಒಂದು ಪುಟ ಸಾಕು. ಎರಡು ಎಕ್ಸೆಲ್ ಫೈಲ್ ಆರಿಸಿದರೆ ಅದೇ ಕಂಪ್ಯೂಟರಿನ ಒಳಗೇ ತಾಳೆಯಾಗುತ್ತದೆ, ಒಂದು ಅಂಕಿಯೂ ಇಂಟರ್ನೆಟ್‌ಗೆ ಹೋಗುವುದಿಲ್ಲ. ಆಡಿಟರ್‌ಗೆ ಈ ಒಂದು ಮಾತು ಸಾಕು, ಅರ್ಧ ಒಪ್ಪಿಬಿಡುತ್ತಾರೆ.

ಕನ್ನಡದಲ್ಲಿ ಪ್ರಿಂಟ್ ತೆಗೆಯುವ ತಾಪತ್ರಯವೂ ಒಂದಿದೆ, ಯಾವ ಕೋರ್ಸಿನಲ್ಲೂ ಇದನ್ನು ಹೇಳಿಕೊಡುವುದಿಲ್ಲ. ನಿಮ್ಮೂರಿನ ಮಂಡಿಯವರು ರೈತರಿಗೆ ಕೊಡುವ ಪಟ್ಟಿಯನ್ನು ಕನ್ನಡದಲ್ಲಿ ಮಾಡಿಕೊಡಿ ಅಂದರು ಅಂತಿಟ್ಟುಕೊಳ್ಳಿ. ಪಿಡಿಎಫ್ ಮಾಡುವ ಲೈಬ್ರರಿಗಳಲ್ಲಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗಳಲ್ಲಿ, ಹಲವಕ್ಕೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. 'ಕೊಬ್ಬರಿ' ಅಂತ ಬರೆದರೆ ಕಾಗದದ ಮೇಲೆ 'ಕೊಬ್‌ಬರಿ' ಅಂತ ಬೀಳುತ್ತದೆ. ತಿಪಟೂರಿನಲ್ಲಿ ಆ ಕಾಗದ ಹಿಡಿದುಕೊಂಡು ಹೋದರೆ ನಗುತ್ತಾರೆ. ಬ್ರೌಸರಿಗೆ ಕನ್ನಡ ಸರಿಯಾಗಿ ಜೋಡಿಸಲು ಬರುತ್ತದೆ, ಅಲ್ಲಿಂದಲೇ ಪ್ರಿಂಟ್ ಕೊಟ್ಟರೆ ಒತ್ತು ಅದರ ಜಾಗದಲ್ಲೇ ಕೂರುತ್ತದೆ. ಜೊತೆಗೆ ಹಳೇ ಅಂಗಡಿಗಳಲ್ಲಿ ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳ ಪಟ್ಟಿ ಬೇಕಾದಷ್ಟಿದೆ. ಅದನ್ನು ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್‌ಗೆ ತಿರುಗಿಸಿಕೊಡುವುದೂ ಒಂದು ಕೆಲಸವೇ. ಹೊರಗಿನವರಿಗೆ ಇದರ ಸುಳಿವೇ ಇಲ್ಲ.

ಯಾವ ಭಾಷೆ ಹಿಡಿದರೂ ಎದುರಾಗುವ ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಜಾವಾಸ್ಕ್ರಿಪ್ಟಿಗೆ 0.1 ಮತ್ತು 0.2 ಕೂಡು ಅಂದರೆ 0.30000000000000004 ಅನ್ನುತ್ತದೆ. ಪೈಥಾನೂ ಅದನ್ನೇ ಅನ್ನುತ್ತದೆ. ದಶಮಾಂಶವನ್ನು ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ದುಡ್ಡನ್ನು ಪೈಸೆಯಲ್ಲಿ, ಪೂರ್ಣ ಸಂಖ್ಯೆಯಾಗಿ ಇಟ್ಟುಕೊಂಡು, ತೋರಿಸುವಾಗ ಮಾತ್ರ ರೂಪಾಯಿ ಮಾಡಿದರೆ ಪರಿಹಾರವಾಯಿತು. ಹೊಸಬರು ಇದನ್ನು ಹಿಡಿಯುವುದು ತಡ. ಲೆಕ್ಕದವರಿಗೆ ಒಂದು ಪೈಸೆ ವ್ಯತ್ಯಾಸ ಬಂದರೂ ಕಣ್ಣಿಗೆ ಬೀಳುತ್ತದೆ, ನೀವು ಮೊದಲ ದಿನವೇ ಹಿಡಿಯುತ್ತೀರಿ.

ಶುರು ಮಾಡಲು ಗೂಗಲ್ ಶೀಟ್ಸ್ ಒಳಗಿರುವ ಆ್ಯಪ್ಸ್ ಸ್ಕ್ರಿಪ್ಟ್ ಹಿಡಿಯಿರಿ. ಅದು ಜಾವಾಸ್ಕ್ರಿಪ್ಟೇ. ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ನಿಮ್ಮ 4 ಜಿಬಿ ಲ್ಯಾಪ್‌ಟಾಪ್ ಸಾಕು, ಎಕ್ಸೆಲ್ ಗೊತ್ತಿರುವವರಿಗೆ ಸಾಲು, ಕಾಲಂ ಹೊಸದಲ್ಲ. ಅದಕ್ಕೆ ಮಿತಿಗಳಿವೆ. ಒಂದು ಸಲಕ್ಕೆ ಆರು ನಿಮಿಷಕ್ಕಿಂತ ಹೆಚ್ಚು ಓಡುವುದಿಲ್ಲ, ಮಾಮೂಲಿ ಜಿಮೇಲ್ ಖಾತೆಯಿಂದ ದಿನಕ್ಕೆ ನೂರು ಜನಕ್ಕೆ ಮೇಲ್ ಹೋಗುತ್ತದೆ. ಕಲಿಕೆಗೂ ಸಣ್ಣ ಗಿರಾಕಿಗೂ ಧಾರಾಳ. ಅದು ಕೈಗೆ ಹತ್ತಿದ ಮೇಲೆ ಪುಟದ ಚೌಕಟ್ಟು, ಅಂದ ಬರೆಯುವ ಎಚ್‌ಟಿಎಂಎಲ್, ಸಿಎಸ್‌ಎಸ್ ಸೇರಿಸಿಕೊಂಡು ಬ್ರೌಸರ್ ಪುಟಕ್ಕೆ ಬನ್ನಿ. ರಿಯಾಕ್ಟ್ (ದೊಡ್ಡ ಪುಟಗಳನ್ನು ಕಟ್ಟುವ ಲೈಬ್ರರಿ) ಅಂತ ಯಾರಾದರೂ ಅಂದರೆ 'ಆಮೇಲೆ' ಅನ್ನಿ. ಎಕ್ಸೆಲ್‌ನ ವಿಬಿಎ ಮ್ಯಾಕ್ರೋ, ಅಂದರೆ ಎಕ್ಸೆಲ್ ಫೈಲಿನ ಒಳಗೇ ಬರೆಯುವ ಪ್ರೋಗ್ರಾಂ, ನಿಮಗೆ ಇನ್ನೂ ಹತ್ತಿರ ಅನ್ನಿಸಬಹುದು. ಆದರೆ 2022ರಿಂದ ಮೈಕ್ರೋಸಾಫ್ಟ್‌ನವರು ಇಂಟರ್ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು ತಾವಾಗಿಯೇ ತಡೆಯುತ್ತಿದ್ದಾರೆ. ನೀವು ಮೇಲ್‌ನಲ್ಲಿ ಕಳಿಸಿದ್ದು ಅಲ್ಲಿ ಓಡುವುದಿಲ್ಲ, ಮತ್ತೆ ಫೋನು.

ಪೈಥಾನ್ ಬಗ್ಗೆ ಮೈದುನನಿಗೆ ಅನ್ಯಾಯ ಮಾಡುವುದು ಬೇಡ. 1991ರಿಂದ ಇರುವ ಭಾಷೆ, ಓದಲು ಸಲೀಸು, ಎಐ ಕ್ಷೇತ್ರದಲ್ಲಿ ಅದರದ್ದೇ ಕಾರುಬಾರು. ಆದರೆ ಎಐ ಮಾಡೆಲ್ ಕಟ್ಟುವ ಕೆಲಸ ಮನೆಯಲ್ಲಿ ಕೂತ ಹೊಸಬರಿಗೆ ಬರುವುದಿಲ್ಲ, ಅದಕ್ಕೆ ಗಣಿತದ ತಳಪಾಯವೂ ದೊಡ್ಡ ಕಂಪ್ಯೂಟರುಗಳೂ ಬೇಕು. ಫ್ರೀಲಾನ್ಸ್‌ನಲ್ಲಿ 'ಎಐ ಕೆಲಸ' ಅಂತ ಸಿಗುವುದರಲ್ಲಿ ಹೆಚ್ಚಿನದು ಬೇರೆಯವರು ಕಟ್ಟಿದ ಎಐಗೆ ಪ್ರಶ್ನೆ ಕಳಿಸಿ ಉತ್ತರ ತರಿಸುವುದು. ಅದನ್ನು ಜಾವಾಸ್ಕ್ರಿಪ್ಟಿನಲ್ಲೂ ಮಾಡಬಹುದು. ಪೈಥಾನ್ ಕಲಿತ ಹಲವರನ್ನು ನೋಡಿದ್ದೇನೆ. ಕೋರ್ಸು ಮುಗಿಯುವಾಗ ಅವರ ಹತ್ತಿರ ಒಂದು ನೋಟ್‌ಬುಕ್ ತುಂಬ ಅಭ್ಯಾಸ ಇರುತ್ತದೆ, ಗಿರಾಕಿಗೆ ಕೊಡಬಹುದಾದ ಒಂದು ವಸ್ತು ಇರುವುದಿಲ್ಲ. ಎರಡನೇ ಭಾಷೆಯಾಗಿ ಖಂಡಿತ ಕಲಿಯಿರಿ, ಮೊದಲನೆಯದು ಕೂತ ಮೇಲೆ ಎರಡನೆಯದಕ್ಕೆ ಅರ್ಧ ಹೊತ್ತೂ ಬೇಡ.

ಯಾರೂ ನಿಮಗೆ ಹೇಳದ ಭಾಷೆ ಪಿಎಚ್‌ಪಿ. ಫ್ಯಾಷನ್ ಹೋಗಿದೆ, ಕಂಪನಿಯ ಹುಡುಗರು ಮೂಗು ಮುರಿಯುತ್ತಾರೆ. ಆದರೆ ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಓಡುವುದು 2003ರಲ್ಲಿ ಶುರುವಾದ ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಮೇಲೆ, ವರ್ಡ್‌ಪ್ರೆಸ್ ಇರುವುದು ಪಿಎಚ್‌ಪಿಯಲ್ಲಿ. ಇಷ್ಟು ವರ್ಷ ಅದು ಸಾಯದೆ ಉಳಿದಿರುವುದಕ್ಕೆ ಸೀದಾ ಕಾರಣ ಬಾಡಿಗೆ. ವರ್ಷಕ್ಕೆ ಕೆಲವೇ ಸಾವಿರದ, ಹಲವರು ಒಂದೇ ಸರ್ವರ್ ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿ ಸಲೀಸಾಗಿ ಓಡುತ್ತದೆ. ಬೇರೆಯವಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ಜ್ಞಾನವೂ ಬೇಕು. ಶಾಲೆ, ನರ್ಸರಿ, ಕಲ್ಯಾಣ ಮಂಟಪ, ಡಾಕ್ಟರ ಕ್ಲಿನಿಕ್ಕು, ಜಿಲ್ಲೆಯಲ್ಲಿ ಯಾರು ವೆಬ್‌ಸೈಟ್ ಮಾಡಿಸಿದರೂ ಅದು ವರ್ಡ್‌ಪ್ರೆಸ್ ಆಗಿರುವ ಸಂಭವವೇ ಹೆಚ್ಚು. ದುಡ್ಡು ಇರುವುದು ಮಾಡಿಕೊಡುವುದರಲ್ಲಲ್ಲ, ವರ್ಷವರ್ಷ ನೋಡಿಕೊಳ್ಳುವುದರಲ್ಲಿ. ಅಪಾಯವೂ ಅಲ್ಲೇ ಇದೆ. ಅಪ್‌ಡೇಟ್ ಮಾಡದ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಬಿಡಿಭಾಗ) ಒಂದು ಸಾಕು, ಬೆಳಗ್ಗೆ ಎದ್ದು ನೋಡಿದರೆ ಶಾಲೆಯ ಸೈಟಿನಲ್ಲಿ ಜೂಜಿನ ಜಾಹೀರಾತು. ಬ್ಯಾಕಪ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಡೊಮೈನನ್ನು, ಅಂದರೆ ಸೈಟಿನ ವಿಳಾಸವನ್ನು, ಗಿರಾಕಿಯ ಹೆಸರಿನಲ್ಲೇ ಕೊಳ್ಳಿ, ನಿಮ್ಮ ಹೆಸರಿನಲ್ಲಿ ಇಟ್ಟುಕೊಂಡರೆ ಮುಂದೊಂದು ದಿನ ಜಗಳ ಖಚಿತ. ಐದು ಪುಟದ ಸಾದಾ ವೆಬ್‌ಸೈಟಿಗೆ ಈಗ ಬೆಲೆಯೂ ಇಲ್ಲ, ಎಲ್ಲರಿಗೂ ಅದನ್ನು ಪುಕ್ಕಟೆ ಮಾಡಿಕೊಡುವ ಒಬ್ಬ ತಂಗಿ ಮಗ ಇರುತ್ತಾನೆ.

ಮೊಬೈಲ್ ಆ್ಯಪ್ ಕಡೆ ಸದ್ಯಕ್ಕೆ ನೋಡಲೇಬೇಡಿ. ಆ್ಯಂಡ್ರಾಯ್ಡ್ ಸ್ಟುಡಿಯೋಗೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು. ಪ್ಲೇ ಸ್ಟೋರ್‌ಗೆ 25 ಡಾಲರ್ ಒಂದು ಸಲ ಕಟ್ಟಿದರೂ, ಹೊಸ ವೈಯಕ್ತಿಕ ಖಾತೆಯವರು 12 ಜನರಿಂದ 14 ದಿನ ಪರೀಕ್ಷೆ ಮಾಡಿಸಿ ತೋರಿಸಬೇಕು. ಐಫೋನ್ ಆದರೆ ವರ್ಷಕ್ಕೆ 99 ಡಾಲರ್, ಮೇಲೆ ಮ್ಯಾಕ್ ಬೇರೆ.

ಈಗ ಆ 65 ಸಾವಿರದ ಜಾವಾ. ಜಾವಾ ಕೆಟ್ಟದ್ದಲ್ಲ. ಬ್ಯಾಂಕು, ವಿಮೆ, ದೊಡ್ಡ ಕಂಪನಿಗಳ ಒಳಗೆಲ್ಲ ಅದು ಓಡುತ್ತಿದೆ. ಆ ಕೆಲಸ ಕಂಪನಿಯಿಂದ ಕಂಪನಿಗೆ ಹೋಗುತ್ತದೆ, ತಿಪಟೂರಿನ ಮನೆಯೊಂದಕ್ಕೆ ಬರುವುದಿಲ್ಲ. ಇನ್‌ಸ್ಟಿಟ್ಯೂಟ್‌ನವರು ಜಾವಾ ಹೇಳಿಕೊಡುವುದು ಬೆಳಗಿನ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯಲು ಸಿದ್ಧವಿರುವ ಹುಡುಗ ಹುಡುಗಿಯರಿಗೆ. ಅವರಿಗೆ ಅದು ಸರಿಯಾದ ದಾರಿಯೇ ಇರಬಹುದು. 'ಪ್ಲೇಸ್‌ಮೆಂಟ್ ಗ್ಯಾರಂಟಿ'ಯಿಂದ ಮನೆಯಲ್ಲಿ ಕೆಲಸ ಹುಡುಕುತ್ತಿರುವ ನಿಮಗೆ ಏನು ಉಪಯೋಗ ಅಂತ ಅವರನ್ನೇ ಕೇಳಿ ನೋಡಿ. ಕಂತಿನ ಕಾಗದವನ್ನೂ ಕಣ್ಣಿಟ್ಟು ಓದಿ. ಬಹಳ ಕಡೆ ಈ ಕಂತು ಅನ್ನುವುದು ಯಾವುದೋ ಫೈನಾನ್ಸ್ ಕಂಪನಿಯಿಂದ ನಿಮ್ಮ ಹೆಸರಿನಲ್ಲಿ ಎತ್ತಿದ ಸಾಲ. ನೀವು ಎರಡೇ ತಿಂಗಳಿಗೆ ಬಿಟ್ಟರೂ ಸಾಲ ಬಿಡುವುದಿಲ್ಲ, ಸಿಬಿಲ್ ಸ್ಕೋರ್ ಕೆಡುತ್ತದೆ. ಕಲಿಯುವ ಸರಕು ಪುಕ್ಕಟೆ ಸಿಗುತ್ತದೆ. ಫ್ರೀಕೋಡ್‌ಕ್ಯಾಂಪ್ ಇದೆ, ಮೊಜಿಲ್ಲಾದವರ ಎಂಡಿಎನ್ ಇದೆ, ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದ ಪಾಠಗಳೂ ಇವೆ. ಆ 65 ಸಾವಿರದಲ್ಲಿ ಒಂದು ಪಾಲು ಖರ್ಚು ಮಾಡಿ ಲ್ಯಾಪ್‌ಟಾಪಿಗೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹಾಕಿಸಿದರೆ ಅದಕ್ಕಿಂತ ಹೆಚ್ಚು ಉಪಕಾರವಾಗುತ್ತದೆ. ಹಾಕಿಸುವ ಮುಂಚೆ ಆ ಮಾಡೆಲ್‌ನಲ್ಲಿ ರ‍್ಯಾಮ್ ಹೆಚ್ಚಿಸಲು ಸಾಧ್ಯವೇ ಅಂತ ಕೇಳಿಕೊಳ್ಳಿ.

ಆರು ತಿಂಗಳು ಕಳೆದ ಮೇಲೆ ನೋಡಬೇಕಾದ ಇನ್ನೊಂದು ದಾರಿ ಟಿಡಿಎಲ್. ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿ, 1986ರಿಂದ ಇದೆ. ಅದರ ಒಳಗಿನ ಪರದೆ, ವೋಚರು, ರಿಪೋರ್ಟುಗಳನ್ನು ಬೇಕಾದ ಹಾಗೆ ತಿದ್ದಲು ಅವರದೇ ಭಾಷೆ ಟಿಡಿಎಲ್. ಹೊರಗಿನ ಪ್ರೋಗ್ರಾಮುಗಳೂ ಎಕ್ಸ್‌ಎಂಎಲ್ ಅನ್ನುವ ಬರಹದ ರೂಪದಲ್ಲಿ ಟ್ಯಾಲಿಯ ಜೊತೆ ಮಾಹಿತಿ ಕೊಟ್ಟು ತೆಗೆದುಕೊಳ್ಳಬಹುದು. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸಣ್ಣ ಯೂನಿಟ್‌ಗಳಂಥ ಕಡೆ ಇದಕ್ಕೆ ಗಿರಾಕಿ ಇರುತ್ತಾರೆ, ಯಾಕೆಂದರೆ ವಹಿವಾಟು ವರ್ಷಕ್ಕೆ 5 ಕೋಟಿ ದಾಟಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ (ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವುದು) ಕಡ್ಡಾಯ, ಟ್ಯಾಲಿಯ ಬಿಲ್ಲನ್ನೂ ಅದಕ್ಕೆ ಹೊಂದಿಸಬೇಕು. ಲೆಕ್ಕವೂ ಕೋಡೂ ಎರಡೂ ಬರುವವರು ಕಡಿಮೆ, ಹಾಗಾಗಿ ಪೈಪೋಟಿ ಕಡಿಮೆ. ಆದರೆ ಒಂದೇ ಕಂಪನಿಯ ಸರಕಿಗೆ ಜುಟ್ಟು ಕೊಟ್ಟ ಹಾಗಾಗುತ್ತದೆ, ಅವರ ಪಾರ್ಟ್‌ನರ್‌ಗಳೂ ಇದೇ ಕೆಲಸ ಮಾಡುತ್ತಾರೆ. ಇದೊಂದನ್ನೇ ನಂಬಬೇಡಿ.

'ಕೋಡಿಂಗೇ ಬೇಡ' ಅನ್ನುವ ಯೂಟ್ಯೂಬ್ ಮಾತಿನಲ್ಲಿ ಅರ್ಧ ನಿಜ ಇದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಚೂರುಪಾರು ಕೋಡ್ ಬರೆದುಕೊಡುವ ಕೆಲಸಕ್ಕೆ ಬೆಲೆ ಬಿದ್ದಿದೆ, ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದದ್ದೂ ಅದರಲ್ಲೇ. ಆದರೆ 2ಬಿ ತಾಳೆ ಹಾಕುವ ಪ್ರೋಗ್ರಾಂ ಬರೆದುಕೊಡು ಅಂತ ಎಐಗೆ ಹೇಳಿ ನೋಡಿ. ಕ್ಷಣದಲ್ಲಿ ಬರೆದುಕೊಡುತ್ತದೆ, ಬಿಲ್ ನಂಬರ್ ಅಕ್ಷರಕ್ಕೆ ಅಕ್ಷರ ಹೊಂದಬೇಕು ಅಂತ ಬರೆದಿರುತ್ತದೆ, ಕ್ರೆಡಿಟ್ ನೋಟನ್ನೂ ಬಿಲ್ಲಿನ ಜೊತೆ ಕೂಡಿಸಿಬಿಟ್ಟಿರಲೂಬಹುದು. ನೋಡಲು ಎಲ್ಲ ಸರಿ ಇರುತ್ತದೆ, ಮೊತ್ತ ತಪ್ಪಿರುತ್ತದೆ. ಅದನ್ನು ಹಿಡಿಯುವವರು ನೀವು. ಹಾಗಾಗಿ ಎಐ ಬಳಸಿ, ಆದರೆ ಅದು ಕೊಟ್ಟ ಪ್ರತಿ ಸಾಲನ್ನೂ 'ಇದು ಇಲ್ಲಿ ಯಾಕಿದೆ' ಅಂತ ಹೇಳಬಲ್ಲಿರಾದರೆ ಮಾತ್ರ ಗಿರಾಕಿಗೆ ಕೊಡಿ. ಗಿರಾಕಿಯ ಪ್ಯಾನ್, ಜಿಎಸ್‌ಟಿ ನಂಬರ್, ಬಿಲ್ಲಿನ ವಿವರಗಳನ್ನು ಅದಕ್ಕೆ ಅಂಟಿಸಬೇಡಿ. ಸುಳ್ಳು ಅಂಕಿಗಳ ಒಂದು ಹಾಳೆ ಮಾಡಿಟ್ಟುಕೊಂಡು ಅದರಲ್ಲೇ ಪ್ರಯೋಗ ಮಾಡಿ.

ವಾಟ್ಸಾಪ್ ಬಗ್ಗೆಯೂ ಒಂದು ಎಚ್ಚರಿಕೆ. ಇಲ್ಲಿನ ಪ್ರತಿ ಗಿರಾಕಿಯೂ 'ಅದು ತಾನಾಗೇ ವಾಟ್ಸಾಪ್‌ಗೆ ಹೋಗಬೇಕು' ಅಂತಾರೆ. ಮೆಟಾದವರ ಅಧಿಕೃತ ದಾರಿಗೆ ದುಡ್ಡು ಕಟ್ಟಬೇಕು. ಪುಕ್ಕಟೆ ಕಳಿಸುವ ಕಳ್ಳದಾರಿಯ ಲೈಬ್ರರಿಗಳೂ ಇವೆ. ಅವನ್ನು ಬಳಸಿ ಆಡಿಟರ್ ನಂಬರೇ ಬ್ಯಾನ್ ಆಯಿತು ಅಂದರೆ ನಿಮ್ಮ ಹೆಸರು ಊರಲ್ಲಿ ಕೆಟ್ಟಂತೆಯೇ.

ಡಾಲರ್ ದುಡಿಮೆ ಸುಳ್ಳಲ್ಲ, ಆದರೆ ಅದು ಮೊದಲ ಮೆಟ್ಟಿಲಲ್ಲ. ಅದಕ್ಕೆ ಫೈವರ್, ಅಪ್‌ವರ್ಕ್ ಅಂತ ಫ್ರೀಲಾನ್ಸ್ ಕೆಲಸ ಸಿಗುವ ಜಾಲತಾಣಗಳಿವೆ. ಫೈವರ್‌ನವರು ನಿಮ್ಮ ಗಳಿಕೆಯಲ್ಲಿ ನೂರಕ್ಕೆ 20 ಹಿಡಿದುಕೊಳ್ಳುತ್ತಾರೆ. ಅಪ್‌ವರ್ಕ್‌ನಲ್ಲಿ ಕೆಲಸಕ್ಕೆ ಅರ್ಜಿ ಹಾಕಲೇ 'ಕನೆಕ್ಟ್ಸ್' ಅನ್ನುವ ಟೋಕನ್‌ಗಳು ಖರ್ಚಾಗುತ್ತವೆ. ಒಂದೂ ರಿವ್ಯೂ ಇಲ್ಲದ ಹೊಸ ಪ್ರೊಫೈಲ್ ಇಡೀ ಜಗತ್ತಿನ ಜೊತೆ ಪೈಪೋಟಿಗೆ ನಿಲ್ಲಬೇಕು. ಇಲ್ಲಿ ಎರಡು ಮೂರು ಆಫೀಸುಗಳಿಗೆ ಮಾಡಿಕೊಟ್ಟ ಕೆಲಸ ಕೈಯಲ್ಲಿದ್ದಾಗ ಅಲ್ಲಿಗೆ ಹೋಗಿ. ಹೊರದೇಶದ ದುಡ್ಡು ಬಂದರೆ ಬ್ಯಾಂಕಿನವರು ಅದು ಯಾತಕ್ಕೆ ಬಂತು ಅಂತ ತಿಳಿಸುವ ಪರ್ಪಸ್ ಕೋಡ್ ಕೇಳುತ್ತಾರೆ, ಜಿಎಸ್‌ಟಿ ನೋಂದಣಿಗೆ ಸೇವೆಯವರಿಗೆ ವರ್ಷಕ್ಕೆ 20 ಲಕ್ಷ ವಹಿವಾಟಿನ ಮಿತಿ ಇದೆ. ಇದನ್ನೆಲ್ಲ ನಿಮಗೆ ನಾನು ಹೇಳುವುದು ಅಧಿಕಪ್ರಸಂಗ. ಕೆಲಸ ಕೊಡುತ್ತೇವೆ, ಮೊದಲು ಡೆಪಾಸಿಟ್ ಕಟ್ಟಿ ಅಂತ ಟೆಲಿಗ್ರಾಂನಲ್ಲಿ ಯಾರಾದರೂ ಬಂದರೆ ಮಾತು ಬೆಳೆಸಬೇಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎಷ್ಟು ದಿನಕ್ಕೆ ದುಡ್ಡು ಅಂತ ಕೇಳಿದಿರಿ. ದಿನಾ ಮೂರು ಗಂಟೆ ಬಿಡದೆ ಕೂತರೆ, ನಿಮ್ಮದೇ ಲೆಕ್ಕದ ಕೆಲಸ ಹಗುರ ಮಾಡುವ ಸ್ಕ್ರಿಪ್ಟು ಎರಡು ಮೂರು ತಿಂಗಳಿಗೆ ಬರೆಯುತ್ತೀರಿ. ಬೇರೆಯವರು ದುಡ್ಡು ಕೊಟ್ಟು ಕೊಳ್ಳುವ ಮಟ್ಟಕ್ಕೆ ಆರೇಳು ತಿಂಗಳು ಹಿಡಿಯುತ್ತದೆ. ತಿಂಗಳು ತಿಂಗಳು ಇಷ್ಟು ಬರುತ್ತದೆ ಅಂತ ನಂಬಿ ಕೂರಲು ಒಂದೂವರೆ ವರ್ಷವಾದರೂ ಬೇಕು. ಮಗುವಿಗೆ ಜ್ವರ ಬಂದ ವಾರಗಳು, ಹಬ್ಬ ಹುಣ್ಣಿಮೆ ಎಲ್ಲ ಸೇರಿಸಿಯೇ ಹೇಳುತ್ತಿದ್ದೇನೆ. ಅಲ್ಲಿಯವರೆಗೆ ಬರಿಗೈಯಲ್ಲಿ ಕೂರಬೇಕಾಗಿಲ್ಲ. ನಿಮ್ಮ ಹಳೇ ಆಡಿಟರಿಗೆ ಫೋನ್ ಮಾಡಿ, ನಾಲ್ಕೈದು ಅಂಗಡಿಗಳ ರಿಟರ್ನ್ ಕೆಲಸವನ್ನು ಮನೆಯಿಂದ ಮಾಡಿಕೊಡುತ್ತೇನೆ ಅನ್ನಿ. ಸಣ್ಣದಾಗಿ ಆದಾಯವೂ ಆಯಿತು, ನಿಮ್ಮ ಪ್ರೋಗ್ರಾಮಿಗೆ ಪ್ರತಿ ತಿಂಗಳು ನಿಜವಾದ ಪರೀಕ್ಷೆಯೂ ಆಯಿತು. ಅವರ ಗಿರಾಕಿಗಳ ಲೆಕ್ಕದ ಮೇಲೆ ನಿಮ್ಮ ಪ್ರೋಗ್ರಾಂ ಓಡಿಸುವ ಮುಂಚೆ ಅವರ ಒಪ್ಪಿಗೆ ಕೇಳಿ.

ಅವರೇ ಮೊದಲ ಗಿರಾಕಿ ಆಗುವ ಸಂಭವ ಹೆಚ್ಚು. ಆದರೂ ಹಳೇ ಪರಿಚಯ ಅಂತ ಬಾಯಿಮಾತಿನಲ್ಲಿ ಬಿಡಬೇಡಿ. ಏನೇನು ಮಾಡುತ್ತದೆ, ಏನು ಮಾಡುವುದಿಲ್ಲ, ಎಷ್ಟು ದುಡ್ಡು ಅಂತ ಒಂದು ಪುಟ ಬರೆದು ಮೇಲ್ ಮಾಡಿ, ಅರ್ಧ ಮುಂಗಡ ತೆಗೆದುಕೊಳ್ಳಿ. ವರ್ಷದ ನಿರ್ವಹಣೆಗೆ ಬೇರೆ ದರ ಹೇಳಿ, ಯಾಕೆಂದರೆ ನಿಯಮ ಬದಲಾಗುತ್ತಲೇ ಇರುತ್ತದೆ. 2024ರ ಅಕ್ಟೋಬರಿನಲ್ಲಿ ಐಎಂಎಸ್, ಅಂದರೆ ಕೊಂಡವರು ಪೋರ್ಟಲ್‌ನಲ್ಲೇ ಬಿಲ್ಲನ್ನು ಒಪ್ಪುವ ಇಲ್ಲವೇ ತಿರಸ್ಕರಿಸುವ ವ್ಯವಸ್ಥೆ, ಬಂದು 2ಬಿಯ ಕ್ರಮವೇ ಬದಲಾಯಿತು. ತೋರಿಸಲು ಹೋಗುವುದಾದರೆ ತಿಂಗಳ ಮೊದಲ ವಾರ ಹೋಗಿ, ಹಿಂದಿನ ತಿಂಗಳ ಹಾಳೆಯನ್ನೇ ಅವರೆದುರು ಓಡಿಸಿ. 14 ದಾಟಿದ ಮೇಲೆ ಹೋದರೆ ಕುರ್ಚಿ ಕೊಡುವಷ್ಟೂ ಪುರುಸೊತ್ತು ಅವರಿಗಿರುವುದಿಲ್ಲ.